ಹೊನಲು ಬೆಳಕಿಗೆ ಮೊದಲು ಬಸಿಗಾಲುವೆ: ನಮ್ಮ ಫುಟ್‌ಬಾಲ್ ಕ್ಲಬ್ಬಿಗೊಂದು ಬಹಿರಂಗ ಪತ್ರ

ಶಿವಮೊಗ್ಗ

ನಮ್ಮ ಕ್ಲಬ್ಬಿನ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ ಹಾಗೂ ಆಡಳಿತ ಮಂಡಳಿಯ ಎಲ್ಲ ಸದಸ್ಯರಿಗೆ,

ಮಾನ್ಯರೇ,

ಕಳೆದ ಭಾನುವಾರ ಸಂಜೆ ತಾವು ಬೆಂಬಲಿಗರನ್ನು ಕ್ಲಬ್ಬಿನ ಕಚೇರಿಗೆ ಕರೆಸಿ ಮೈದಾನದ ಅಭಿವೃದ್ಧಿಯ ಬಗ್ಗೆ ಮಾತನಾಡಿದಿರಿ. ಇಷ್ಟು ವರ್ಷಗಳಲ್ಲಿ ನಮ್ಮನ್ನು ಹೀಗೆ ಕೂರಿಸಿ ಮಾತನಾಡಿಸಿದ್ದು ಇದೇ ಮೊದಲು, ಅದಕ್ಕೆ ಕೃತಜ್ಞತೆ ಹೇಳಿಯೇ ಮುಂದಿನ ಮಾತಿಗೆ ಹೋಗುತ್ತೇವೆ. ಗೋಡೆಗೆ ನಕ್ಷೆ ಅಂಟಿಸಿದ್ದಿರಿ. ನಾಲ್ಕು ಮೂಲೆಗಳಲ್ಲಿ ಹೊನಲು ಬೆಳಕಿನ ಕಂಬಗಳು, ಪಶ್ಚಿಮಕ್ಕೆ ಗಣ್ಯರಿಗಾಗಿ ಶೀಟು ಹೊದಿಸಿದ ಪೆವಿಲಿಯನ್, ಮುಂದಿನ ಟೂರ್ನಿಯ ಹೊತ್ತಿಗೆ ಪೂರ್ವದ ಬದಿಯಲ್ಲಿ ತಾತ್ಕಾಲಿಕ ಗ್ಯಾಲರಿ. ಮಂಡಕ್ಕಿ ಬಂತು, ಚಹಾ ಬಂತು, ಪ್ರಶ್ನೆ ಕೇಳುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಮೊಬೈಲ್ ಬೆಳಕಿನಲ್ಲಿ ಎರಡು ಮೂರು ಮಂದಿ ಕೇಳಿದ್ದಕ್ಕೆ ‘ಅದನ್ನೂ ನೋಡೋಣ’ ಎಂಬ ಉತ್ತರ ಸಿಕ್ಕಿತಾದರೂ ಯಾರೂ ಬರೆದುಕೊಂಡದ್ದು ಕಾಣಲಿಲ್ಲ. ಆದ್ದರಿಂದ ನಾವೇ ಬರೆದುಕೊಡುತ್ತಿದ್ದೇವೆ. ಮೈದಾನಕ್ಕಾಗಿ ಊರಿನವರೆಲ್ಲ ಚಂದಾ ಕೊಟ್ಟಿರುವುದರಿಂದ ಪತ್ರವನ್ನು ಊರಿನವರೆಲ್ಲ ಓದಲಿ ಎಂದು ಬಹಿರಂಗವಾಗಿಯೇ ಬರೆಯುತ್ತಿದ್ದೇವೆ.

ಆ ನಕ್ಷೆಯನ್ನು ನಾವು ಹತ್ತಿರದಿಂದ ನೋಡಿದೆವು. ಕಂಬ, ಕುರ್ಚಿ, ಕಮಾನು ಎಲ್ಲವೂ ಅದರಲ್ಲಿದ್ದವು. ನೀರು ಹೊರಹೋಗುವ ದಾರಿ ಮಾತ್ರ ಇರಲಿಲ್ಲ. ಮಲೆನಾಡಿನಲ್ಲಿ ಮೈದಾನ ಮಾಡುವವರು ಮೊದಲು ಎಳೆಯಬೇಕಾದ ಗೆರೆ ಅದು. ಈ ಪತ್ರದ ಕರಡು ಬರೆಯುವ ಕೆಲಸ ನನ್ನ ಪಾಲಿಗೆ ಬಂದದ್ದಕ್ಕೆ ನಾನು ಅಡಿಕೆ ತೋಟದವನು ಎಂಬುದೂ ಒಂದು ಕಾರಣವಿರಬಹುದು. ಬಸಿಗಾಲುವೆ ತೆಗೆಯದೆ ಸಸಿ ನೆಟ್ಟವನ ತೋಟ ಏನಾಗುತ್ತದೆ ಎಂಬುದನ್ನು ನಾನು ಬೇರೆಯವರಿಂದ ಕೇಳಿ ತಿಳಿಯಬೇಕಾಗಿಲ್ಲ.

ನಮ್ಮ ಮೈದಾನ ಮೊದಲು ಗದ್ದೆಯಾಗಿತ್ತು. ಹಿರಿಯರಿಗೆ ಇದು ಗೊತ್ತು, ಹೊಸ ಸದಸ್ಯರಿಗೆ ಗೊತ್ತಿರಲಾರದು. ಗದ್ದೆಯೆಂದರೆ ನೀರು ನಿಲ್ಲಲೆಂದೇ ಸಿದ್ಧಪಡಿಸಿದ ನೆಲ. ತಲೆಮಾರುಗಳ ಕಾಲ ಕೆಸರಿನಲ್ಲಿ ಉಳುಮೆ ಮಾಡಿ, ಎತ್ತು ಮತ್ತು ಆಳುಗಳು ತುಳಿದು ತುಳಿದು, ಸುಮಾರು ಒಂದು ಗೇಣು ಆಳದಲ್ಲಿ ಗಟ್ಟಿ ಪದರವೊಂದು ಕಟ್ಟಿಕೊಂಡಿರುತ್ತದೆ; ಅದನ್ನು ದಾಟಿ ನೀರು ಕೆಳಗಿಳಿಯುವುದು ಬಹಳ ನಿಧಾನ. ಭತ್ತಕ್ಕೆ ಬೇಕಾದದ್ದೂ ಅದೇ. ನಾವು ಆ ಗದ್ದೆಯ ಬದುಗಳನ್ನು ಒಡೆದು, ಮೇಲೆ ಲಾರಿಗಟ್ಟಲೆ ಕೆಂಪು ಮಣ್ಣು ಸುರಿದು, ರೋಲರ್ ಓಡಿಸಿ, ಅದನ್ನು ಮೈದಾನವೆಂದು ಕರೆದೆವು. ಅಡಿಯ ಪದರ ಒಡೆಯಲೇ ಇಲ್ಲ. ರೋಲರಿನ ಭಾರಕ್ಕೆ ಅದು ಇನ್ನಷ್ಟು ಬಿಗಿಯಾಗಿದ್ದರೂ ಆಶ್ಚರ್ಯವಿಲ್ಲ.

ಲೆಕ್ಕ ಹಾಕಿ ನೋಡಿದರೆ ವಿಷಯದ ತೂಕ ತಿಳಿಯುತ್ತದೆ. ಫುಟ್‌ಬಾಲ್ ನಿಯಮಾವಳಿಯ ಮೊದಲ ನಿಯಮದ ಪ್ರಕಾರ ಅಂಗಳದ ಉದ್ದ 90ರಿಂದ 120 ಮೀಟರ್, ಅಗಲ 45ರಿಂದ 90 ಮೀಟರ್ ಇರಬಹುದು. ನಮ್ಮದು 100 ಮೀಟರ್ ಉದ್ದ, 64 ಮೀಟರ್ ಅಗಲ ಎಂದಿಟ್ಟುಕೊಂಡರೆ 6,400 ಚದರ ಮೀಟರ್ ಆಯಿತು. ಇದರ ಮೇಲೆ ಬರೀ ಒಂದು ಸೆಂಟಿಮೀಟರ್ ಮಳೆ ಬಿದ್ದರೂ 64,000 ಲೀಟರ್ ನೀರು. ಊರಿನಲ್ಲಿ ಓಡಾಡುವ ಆರು ಸಾವಿರ ಲೀಟರಿನ ಟ್ಯಾಂಕರಿನ ಲೆಕ್ಕದಲ್ಲಿ ಹತ್ತು ಟ್ಯಾಂಕರಿಗೂ ಮಿಕ್ಕಿ. ಆಗುಂಬೆಯ ಹಾಗೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸಿನ ಮಳೆ ನಮ್ಮಲ್ಲಿಲ್ಲ ನಿಜ. ಆದರೆ ಆರಿದ್ರೆ ಮಳೆಯಿಂದ ಪುಷ್ಯ ಮಳೆಯವರೆಗೆ ಒಂದೇ ದಿನದಲ್ಲಿ ಐದು ಸೆಂಟಿಮೀಟರ್ ಬೀಳುವುದನ್ನು ನಾವೆಲ್ಲ ಕಂಡವರೇ. ಆ ದಿನ ಮೂರು ಲಕ್ಷ ಇಪ್ಪತ್ತು ಸಾವಿರ ಲೀಟರ್ ನೀರು ಈ ಅಂಗಳದಿಂದ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ನಕ್ಷೆಯಲ್ಲಿ ಉತ್ತರವಿಲ್ಲ. ಆಗ್ನೇಯದ ಮೂಲೆಯಲ್ಲಿ ಮೊದಲಿನಿಂದ ಇದ್ದ ಚರಂಡಿ ರಸ್ತೆಯಡಿಯ ಮೋರಿಗೆ ಸೇರುತ್ತಿತ್ತು. ರಸ್ತೆಗೆ ಮತ್ತೆ ಮತ್ತೆ ಡಾಂಬರು ಹಾಕಿ ಎತ್ತರಿಸಿದ ಮೇಲೆ ಮೋರಿಯ ಬಾಯಿಗೆ ಮಣ್ಣು ತುಂಬಿಕೊಂಡಿತು. ಈಗ ಮೈದಾನದ ನೀರು ರಸ್ತೆಗೆ ಹೋಗುವ ಬದಲು ರಸ್ತೆಯ ನೀರೇ ಮೈದಾನಕ್ಕೆ ಬರುತ್ತದೆ.

ಕಳೆದ ಮಳೆಗಾಲದ ಒಂದು ಪಂದ್ಯವನ್ನು ತಮಗೆ ನೆನಪಿಸಬೇಕು. ಮಳೆ ನಿಂತು ಎರಡು ದಿನವಾಗಿತ್ತು, ಬಿಸಿಲೂ ಬಂದಿತ್ತು, ಮೇಲಿಂದ ನೋಡಿದರೆ ಅಂಗಳ ಒಣಗಿದಂತೆಯೇ ಇತ್ತು. ಉತ್ತರದ ಗೋಲಿನ ಮುಂದೆ, ಪೆನಾಲ್ಟಿ ಚುಕ್ಕೆಯಿಂದ ಎರಡು ಹೆಜ್ಜೆ ಈಚೆಗೆ, ಹುಲ್ಲಿನಡಿ ಅಡಗಿದ್ದ ನೀರಿನಲ್ಲಿ ನಮ್ಮ ರಕ್ಷಣಾ ಆಟಗಾರ ಕೀಪರಿಗೆಂದು ಹಿಂದಕ್ಕೆ ತಳ್ಳಿದ ಚೆಂಡು ಪಚಕ್ಕನೆ ನಿಂತುಬಿಟ್ಟಿತು. ಎದುರಾಳಿಯ ಹುಡುಗ ಬಂದು ಅದನ್ನು ಗೋಲಿಗೆ ತಳ್ಳಿದ್ದು ಒಂದು ನಷ್ಟ. ಅದನ್ನು ತಡೆಯಲು ತಿರುಗಿದ ನಮ್ಮ ಹುಡುಗನ ಬೂಟು ಕೆಸರಿನಲ್ಲಿ ಕಚ್ಚಿಕೊಂಡು ಮಂಡಿ ತಿರುಚಿದ್ದು ದೊಡ್ಡ ನಷ್ಟ. ಪಾದ ನಿಂತಲ್ಲೇ ನಿಂತು ಮೈ ತಿರುಗಿದರೆ ಮಂಡಿಯ ಒಳಗಿನ ಅಸ್ಥಿರಜ್ಜು ಹರಿಯುತ್ತದೆ ಎಂಬುದು ಆಡುವವರಿಗೆಲ್ಲ ತಿಳಿದ ಭಯ. ಆ ಹುಡುಗ ಇಂದಿಗೂ ಗ್ಯಾಲರಿಯಲ್ಲಿ ನಮ್ಮ ಜೊತೆ ಕುಳಿತು ಪಂದ್ಯ ನೋಡುತ್ತಾನೆ. ಗೋಲಿನ ಬಗ್ಗೆ ಅವನನ್ನು ತಮಾಷೆ ಮಾಡುವವರಿದ್ದಾರೆ, ಅವನೂ ನಗುತ್ತಾನೆ, ಮೆಟ್ಟಿಲು ಇಳಿಯುವಾಗ ಮಾತ್ರ ಪಕ್ಕದವರ ಭುಜ ಹಿಡಿಯುತ್ತಾನೆ.

ಇದಕ್ಕೆ ಮಾಡಬೇಕಾದ ಕೆಲಸ ಗುಟ್ಟಿನದೇನೂ ಅಲ್ಲ. ಗಟ್ಟಿ ಪದರವನ್ನು ಆಳವಾಗಿ ಉತ್ತು ಒಡೆಯಬೇಕು. ಅಂಗಳದ ಮಧ್ಯವನ್ನು ಕೊಂಚ ಎತ್ತರಿಸಿ ಎರಡೂ ಬದಿಗೆ ನೂರಕ್ಕೆ ಒಂದರಷ್ಟು ಇಳಿಜಾರು ಕೊಡಬೇಕು. 64 ಮೀಟರ್ ಅಗಲದ ಅಂಗಳದಲ್ಲಿ ಅಂಚಿಗಿಂತ ನಡು ಸುಮಾರು 32 ಸೆಂಟಿಮೀಟರ್ ಎತ್ತರವಾಗುತ್ತದೆ, ಅಷ್ಟು ಆಡುವವರ ಕಾಲಿಗೆ ತಿಳಿಯುವುದೂ ಇಲ್ಲ. ಅಡ್ಡಲಾಗಿ ಐದಾರು ಮೀಟರಿಗೊಂದು ಕಾಲುವೆ ತೋಡಿ, ತೂತು ಕೊರೆದ ಪೈಪು ಇಟ್ಟು, ಜಲ್ಲಿ ತುಂಬಿ, ಮೇಲೆ ಮರಳು ಮತ್ತು ಮಣ್ಣು ಮುಚ್ಚಬೇಕು. ಇವೆಲ್ಲ ಸುತ್ತಲಿನ ದೊಡ್ಡ ಚರಂಡಿಗೆ, ಅದು ಮೋರಿಗೆ ಸೇರಬೇಕು. ತೋಟದ ಬಸಿಗಾಲುವೆಯ ನ್ಯಾಯವೇ ಇದು, ಅಲ್ಲಿ ತೆರೆದಿರುವುದನ್ನು ಇಲ್ಲಿ ಮುಚ್ಚುತ್ತೇವೆ, ಅಷ್ಟೇ. ಮೇಲಿನ ಹುಲ್ಲಿಗೆ ದೂರದ ಊರಿನ ನರ್ಸರಿಯಿಂದ ಚದರಡಿ ಲೆಕ್ಕದ ಹಾಸು ತರಿಸುವ ಮಾತು ಆ ದಿನ ಬಂತು. ಆಟದ ಮೈದಾನಗಳಿಗೆ ಬರ್ಮುಡಾ ಹುಲ್ಲು ಎಂದು ಮಾರುವುದು ನಾವು ಗಣಪತಿಗೆ ಏರಿಸುವ ಗರಿಕೆಯ ಬಳಗವೇ. ಆಟಕ್ಕೆಂದು ಬೆಳೆಸಿದ ತಳಿ ಹೆಚ್ಚು ನವುರು ಇರಬಹುದು. ಆದರೆ ನೀರು ನಿಲ್ಲುವ ನೆಲದಲ್ಲಿ ಯಾವ ತಳಿಯೂ ಚೆನ್ನಾಗಿ ಬೇರೂರದು, ನೀರು ಬಸಿಯುವ ನೆಲದಲ್ಲಿ ನಮ್ಮ ಬದುವಿನ ಗರಿಕೆಯೇ ಹಬ್ಬಿಕೊಳ್ಳುತ್ತದೆ.

ಕೆಲಸಗಳ ಅನುಕ್ರಮದ ಬಗ್ಗೆ ನಾವು ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ. ಕಂಬ ನಿಲ್ಲಿಸಲು ಕ್ರೇನ್ ಬರುತ್ತದೆ, ಕಾಂಕ್ರೀಟ್ ಲಾರಿ ಬರುತ್ತದೆ, ಅವುಗಳ ಚಕ್ರ ನೆಲವನ್ನು ಇನ್ನಷ್ಟು ಅದುಮುತ್ತದೆ, ನೆಲದಡಿ ಕೇಬಲ್ ಹೂಳಲಾಗುತ್ತದೆ. ಆಮೇಲೆ ಎಂದಾದರೂ ಬಸಿಗಾಲುವೆಗೆ ಗುದ್ದಲಿ ಹಾಕಿದರೆ ಮೊದಲು ತುಂಡಾಗುವುದು ಆ ಕೇಬಲ್. ಸ್ವಾತಿ ಮಳೆ ಮುಗಿದ ಮೇಲೆ ಮಣ್ಣಿನ ಕೆಲಸಕ್ಕೆ ಸಿಗುವುದು ನಾಲ್ಕೈದು ತಿಂಗಳು ಮಾತ್ರ. ಮುಂಗಾರಿನ ಮೊದಲ ಹನಿಗಳಿಗೆ ಹುಲ್ಲು ನೆಟ್ಟರೆ ಬೇರೂರಲು ಮತ್ತೆ ಎರಡು ಮೂರು ತಿಂಗಳು ಬೇಕು. ಈ ತಿಂಗಳಲ್ಲಿ ತೀರ್ಮಾನವಾಗದಿದ್ದರೆ ಇನ್ನೊಂದು ವರ್ಷ ಗದ್ದೆಯಲ್ಲೇ ಆಡಬೇಕಾಗುತ್ತದೆ.

ಹೊನಲು ಬೆಳಕು ಬೇಡವೆಂದು ನಾವು ಹೇಳುತ್ತಿಲ್ಲ. ಬೆಳಕಿನ ಕೊರತೆ ನಿಜ. ಆದರೆ ಅದರಲ್ಲಿ ಅರ್ಧಪಾಲು ಗಡಿಯಾರದ ತಪ್ಪು. ಡಿಸೆಂಬರಿನಲ್ಲಿ ನಮ್ಮಲ್ಲಿ ಆರು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ನಾಲ್ಕೂವರೆಗೆ ಶುರುವಾದ ಪಂದ್ಯ 45 ನಿಮಿಷ, 15 ನಿಮಿಷದ ವಿರಾಮ, ಮತ್ತೆ 45 ನಿಮಿಷ, ಕೊನೆಗೆ ಸೇರಿಸಿದ ಐದಾರು ನಿಮಿಷ ಎಂದು ಆರೂ ಇಪ್ಪತ್ತಕ್ಕೆ ಮುಗಿಯುತ್ತದೆ. ಮುಖ್ಯ ಅತಿಥಿಗಳು ತಡವಾಗಿ ಬಂದು ಆಟಗಾರರ ಕೈಕುಲುಕಿ ಭಾಷಣ ಮಾಡಿದ ದಿನ ಇನ್ನೂ ತಡ. ಕಳೆದ ಡಿಸೆಂಬರಿನಲ್ಲಿ ಕೊನೆಯ ಕಾರ್ನರ್ ಒದ್ದಾಗ ಚೆಂಡು ಎಲ್ಲಿದೆ ಎಂದು ಗ್ಯಾಲರಿಯಲ್ಲಿ ಯಾರಿಗೂ ಕಾಣಲಿಲ್ಲ, ಕೀಪರ್ ಬಿದ್ದ ಸದ್ದಿನಿಂದ ಅದು ಸಿಕ್ಕಿತೆಂದು ಊಹಿಸಿ ಚಪ್ಪಾಳೆ ತಟ್ಟಿದೆವು. ನವೆಂಬರಿನಿಂದ ಜನವರಿವರೆಗೆ ಪಂದ್ಯವನ್ನು ಮೂರೂವರೆಗೆ ಶುರು ಮಾಡಿದರೆ ಒಂದು ರೂಪಾಯಿಯ ಖರ್ಚಿಲ್ಲದೆ ಈ ತೊಂದರೆ ಕಳೆಯುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬರುವವರಿಗೆ ಸಂಜೆಯ ಬಸ್ಸೂ ಸಿಗುತ್ತದೆ. ಈಗ ಎಪ್ಪತ್ತನೇ ನಿಮಿಷಕ್ಕೆ ಗ್ಯಾಲರಿಯ ಒಂದು ಮೂಲೆ ಖಾಲಿಯಾಗುವುದು ಆಟ ಬೇಸರವಾಗಿ ಎಂದು ತಾವು ತಿಳಿದಿದ್ದರೆ ಅದು ಸರಿಯಲ್ಲ. ಇನ್ನು ಮೊದಲ ಮಳೆ ಬಿದ್ದ ಸಂಜೆ ಹೊನಲು ಬೆಳಕು ಹಾಕಿದರೆ ಟಿಕೆಟ್ ಇಲ್ಲದೆ ಮೊದಲು ಬರುವ ಪ್ರೇಕ್ಷಕರು ಮಳೆಹುಳುಗಳು. ರೆಫರಿ ಬಾಯಿ ತೆರೆದು ಸೀಟಿ ಊದುವ ಮೊದಲು ಯೋಚಿಸಬೇಕಾದೀತು.

ಮುಂದಿನದು ತಮಾಷೆಯ ವಿಷಯವಲ್ಲ. ನಮ್ಮ ಮೈದಾನಕ್ಕೆ ಇರುವುದು ಒಂದೇ ಗೇಟು, ಅದರ ಎರಡು ಬಾಗಿಲಲ್ಲಿ ಒಂದಕ್ಕೆ ಸದಾ ಬೀಗ, ಇನ್ನೊಂದು ಒಳಮುಖವಾಗಿ ತೆರೆಯುತ್ತದೆ. ಕಳೆದ ಸೆಮಿಫೈನಲ್ ಮುಗಿದಾಗ ಮಳೆ ಶುರುವಾಗಿ ಎಲ್ಲರೂ ಒಮ್ಮೆಲೇ ಗೇಟಿನತ್ತ ನಡೆದರು. ಟಿಕೆಟ್ ಇಲ್ಲದವರು ಒಳಬಾರದೆಂದು ಯಾರೋ ಎರಡನೇ ಬಾಗಿಲಿಗೂ ಬೀಗ ಹಾಕಿದ್ದರು, ಬೀಗದ ಕೈ ಇದ್ದವರು ಎದುರಿನ ಅಂಗಡಿಗೆ ಚಹಾ ಕುಡಿಯಲು ಹೋಗಿದ್ದರು. ಹಿಂದಿನವರಿಗೆ ಮುಂದೆ ಏನಾಗಿದೆ ಎಂದು ತಿಳಿಯದು, ಅವರು ತಳ್ಳುತ್ತಲೇ ಇದ್ದರು. ನನ್ನ ಮುಂದಿದ್ದ ಹಿರಿಯರೊಬ್ಬರು ಎರಡೂ ಅಂಗೈಯನ್ನು ಗೇಟಿನ ಸರಳಿಗೆ ಒತ್ತಿ, ತಮ್ಮ ಎದೆ ಮತ್ತು ಕಬ್ಬಿಣದ ನಡುವೆ ಮೊಮ್ಮಗನಿಗೆ ಒಂದು ಗೇಣು ಜಾಗ ಉಳಿಸಿಕೊಟ್ಟು ನಿಂತಿದ್ದರು. ಬೀಗ ತೆಗೆಯಲು ಐದು ನಿಮಿಷವೂ ಹಿಡಿದಿರಲಿಕ್ಕಿಲ್ಲ. ಬೀಗ ತೆಗೆದ ಮೇಲೂ ಬಾಗಿಲು ಒಳಕ್ಕೇ ತೆರೆಯಬೇಕಾದ್ದರಿಂದ, ನಿಂತಿದ್ದವರನ್ನೆಲ್ಲ ಹಿಂದಕ್ಕೆ ಸರಿಸುವ ತನಕ ಅದು ಅಲುಗಲಿಲ್ಲ.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಮಂದಿ ತೀರಿಕೊಂಡರು. 1980ರ ಆಗಸ್ಟ್ 16ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಾಗಾನ್ ತಂಡಗಳ ಪಂದ್ಯದ ದಿನ 16 ಮಂದಿ ಸತ್ತರು. ನಮ್ಮಲ್ಲಿ ಅಷ್ಟು ಜನ ಸೇರುವುದಿಲ್ಲ ಎಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ. ಒತ್ತಡ ಹುಟ್ಟುವುದು ಒಟ್ಟು ಜನರ ಸಂಖ್ಯೆಯಿಂದಲ್ಲ, ಬಾಗಿಲಿನ ಅಗಲಕ್ಕೂ ಒಮ್ಮೆಲೇ ಅದರತ್ತ ಬರುವವರಿಗೂ ಹೊಂದಾಣಿಕೆ ಇಲ್ಲದ್ದರಿಂದ. ಹೊರಕ್ಕೆ ತೆರೆಯುವ ಎರಡು ಗೇಟು ಬೇಕು, ಪಂದ್ಯದ ಹೊತ್ತಿನಲ್ಲಿ ಅವಕ್ಕೆ ಬೀಗ ಇರಕೂಡದು, ಪ್ರತಿಯೊಂದಕ್ಕೂ ಕೊನೆಯ ಪ್ರೇಕ್ಷಕ ಹೋಗುವ ತನಕ ಜಾಗ ಬಿಡದ ಒಬ್ಬರು ನಿಂತಿರಬೇಕು.

ತಾತ್ಕಾಲಿಕ ಗ್ಯಾಲರಿಯನ್ನು ಅಡಿಕೆ ದಬ್ಬೆ (ಸೀಳಿದ ಅಡಿಕೆ ಮರ) ಮತ್ತು ಬಿದಿರಿನಿಂದ ಕಟ್ಟಿಸುವುದಾಗಿ ಹೇಳಿದಿರಿ. ಮದುವೆಗೆ, ಅಡಿಕೆ ಒಣಗಿಸುವುದಕ್ಕೆ ಚಪ್ಪರ ಹಾಕಿ ಪಳಗಿದ ಕೈಗಳು ನಮ್ಮಲ್ಲಿ ಬೇಕಾದಷ್ಟಿವೆ, ಅವರ ಕಸುಬಿನ ಮೇಲೆ ನಮಗೆ ಗೌರವವಿದೆ. ಆದರೆ ಚಪ್ಪರದ ಕಂಬ ಹೊರುವುದು ಸೋಗೆಯ ಭಾರವನ್ನು ಅಥವಾ ಸುಮ್ಮನೆ ಬಿದ್ದಿರುವ ಅಡಿಕೆಯನ್ನು. ಗೋಲ್ ಬಿದ್ದಾಗ ಮುನ್ನೂರು ಜನ ಒಟ್ಟಿಗೆ ಎದ್ದು ಕುಣಿಯುವುದು ಬೇರೆ. ಒಮ್ಮೆ ಮಳೆಯಲ್ಲಿ ನೆನೆದ ದಬ್ಬೆ ಮೇಲೆ ಗಟ್ಟಿಯಾಗಿ ಕಂಡರೂ ಹಗ್ಗದ ಕಟ್ಟಿನ ಒಳಗೆ ಲಡ್ಡು ಹಿಡಿದು ಕೊಳೆತಿರುತ್ತದೆ ಎಂಬುದನ್ನು ಚಪ್ಪರದವರೇ ಹೇಳುತ್ತಾರೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2022ರ ಮಾರ್ಚ್‌ನಲ್ಲಿ ಸೆವೆನ್ಸ್ (ತಂಡಕ್ಕೆ ಏಳು ಜನ ಆಡುವ) ಫುಟ್‌ಬಾಲ್ ಪಂದ್ಯವೊಂದರಲ್ಲಿ ಇಂಥದೇ ತಾತ್ಕಾಲಿಕ ಗ್ಯಾಲರಿ ಜನರ ಸಮೇತ ಕುಸಿದು ಹಲವರು ಗಾಯಗೊಂಡರು. ಎಂಜಿನಿಯರ್ ಒಬ್ಬರು ನೋಡಿ ಇಷ್ಟೇ ಜನ ಕೂರಬಹುದು ಎಂದು ಬರೆದುಕೊಡುವ ತನಕ ಅದರ ಮೇಲೆ ಯಾರನ್ನೂ ಹತ್ತಿಸಬೇಡಿ. ಅಲ್ಲಿಯವರೆಗೆ ನಾವು ನೆಲದ ಮೇಲೆ ನಿಂತೇ ನೋಡುತ್ತೇವೆ, ಅಭ್ಯಾಸವಿದೆ.

ಏಪ್ರಿಲ್, ಮೇ ತಿಂಗಳ ಪಂದ್ಯಗಳಿಗೆ ಸಿಡಿಲಿನ ಮಾತು ಸೇರಿಸಬೇಕು. ಮಧ್ಯಾಹ್ನ ಸೆಕೆ, ನಾಲ್ಕರ ಮೇಲೆ ಮೋಡ, ಐದಕ್ಕೆ ಗುಡುಗು ಎಂಬುದು ಇಲ್ಲಿಯ ಬೇಸಿಗೆಯ ದಿನಚರಿ. ಹವಾಮಾನದ ಕಾರಣಕ್ಕೆ ಆಟ ನಿಲ್ಲಿಸುವ ಅಧಿಕಾರವನ್ನು ನಿಯಮಾವಳಿ ರೆಫರಿಗೆ ಕೊಟ್ಟಿದೆ; ನಿಲ್ಲಿಸಿದ ರೆಫರಿಯನ್ನು ವೇದಿಕೆಯಿಂದ ಗದರಿಸುವ ಅಧಿಕಾರವನ್ನು ಅದು ಯಾರಿಗೂ ಕೊಟ್ಟಿಲ್ಲ. ಕೊನೆಯ ಗುಡುಗು ಕೇಳಿ ಮೂವತ್ತು ನಿಮಿಷ ಕಾಯಬೇಕು ಎಂಬುದು ಎಲ್ಲೆಡೆ ಪಾಲಿಸುವ ಎಚ್ಚರಿಕೆ. ಕಂಬ ಮತ್ತು ಶೀಟಿನ ಪೆವಿಲಿಯನ್ ಬರುವುದೇ ಆದರೆ ಅವುಗಳ ಜೊತೆಗೇ ಮಿಂಚುವಾಹಕವೂ ಬರಲಿ.

ವೈದ್ಯಕೀಯ ವ್ಯವಸ್ಥೆಯೆಂದರೆ ಈಗ ನಮ್ಮಲ್ಲಿರುವುದು ಒಂದು ಐಸ್ ಡಬ್ಬಿ ಮತ್ತು ನೋವಿಗೆ ಹೊಡೆಯುವ ಸ್ಪ್ರೇ. 2004ರ ಡಿಸೆಂಬರ್ 5ರಂದು ನಮ್ಮ ರಾಜ್ಯದಲ್ಲೇ, ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ, ಫೆಡರೇಷನ್ ಕಪ್ ಫೈನಲ್ ಆಡುತ್ತಿದ್ದ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಅಂಗಳದಲ್ಲಿ ಕುಸಿದು ತೀರಿಕೊಂಡರು. 2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಹೃದಯ ನಿಂತು ಬಿದ್ದ ಡೆನ್ಮಾರ್ಕಿನ ಕ್ರಿಸ್ಟಿಯನ್ ಎರಿಕ್ಸನ್ ಬದುಕಿ, ಮತ್ತೆ ಆಡಿದರು. ಎದೆ ಒತ್ತಲು ಬಲ್ಲವರು ಮತ್ತು ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ ಅಂಗಳದ ಅಂಚಿನಲ್ಲೇ ಇದ್ದದ್ದು ಅದಕ್ಕೆ ಕಾರಣ. ನಾವು ಆ ಯಂತ್ರವನ್ನು ಈ ವರ್ಷವೇ ಕೇಳುತ್ತಿಲ್ಲ. ಸ್ಟ್ರೆಚರ್, ಎದೆ ಒತ್ತುವುದನ್ನು ಕಲಿತ ನಾಲ್ಕು ಜನ, 108 ವಾಹನ ಬಂದರೆ ಅಂಗಳದ ಅಂಚಿನವರೆಗೂ ಬರಲು ಬೈಕು ನಿಲ್ಲಿಸದ ಒಂದು ದಾರಿ, ಇಷ್ಟನ್ನು ಕೇಳುತ್ತಿದ್ದೇವೆ.

ಹೆಂಗಸರಿಗೆ ಶೌಚಾಲಯವಿಲ್ಲ. ಇದರ ಬಗ್ಗೆ ಹೆಚ್ಚು ಬರೆಯಲು ನಮಗೇ ನಾಚಿಕೆ. ವಿರಾಮದಲ್ಲಿ ಎದುರಿನ ಮನೆಯ ಅಮ್ಮನವರು ತಮ್ಮ ಬಚ್ಚಲಿನ ಬಾಗಿಲು ತೆರೆದು ಕೊಡುತ್ತಿರುವುದರಿಂದ ನಮ್ಮ ಅಕ್ಕತಂಗಿಯರು ಪಂದ್ಯಕ್ಕೆ ಬರುತ್ತಿದ್ದಾರೆ, ಆ ಅಮ್ಮನವರಿಗೆ ಕ್ಲಬ್ಬು ಇದುವರೆಗೆ ಒಂದು ನಮಸ್ಕಾರವನ್ನೂ ಹೇಳಿಲ್ಲ.

ಎರಡು ಚಿಕ್ಕ ಕೆಲಸಗಳು ನಾಳೆಯೇ ಆಗಬಹುದು. ಗೆರೆ ಎಳೆಯಲು ಸುಟ್ಟ ಸುಣ್ಣದ ಪುಡಿ ಬಳಸುವುದನ್ನು ನಿಲ್ಲಿಸಿ. ಒದ್ದೆ ಚರ್ಮಕ್ಕೆ ಅದು ತಗುಲಿದರೆ ಸುಡುತ್ತದೆ. ಗೋಲಿನ ಗೆರೆಯ ಮೇಲೆ ಜಾರಿ ಬಿದ್ದ ನನ್ನ ಅಕ್ಕನ ಮಗನ ಮೊಣಕೈ ರಾತ್ರಿಯ ಹೊತ್ತಿಗೆ ಬೊಬ್ಬೆ ಎದ್ದಿತ್ತು, ಕಣ್ಣಿಗೆ ಹಾರಿದ್ದರೆ ಏನಾಗುತ್ತಿತ್ತೋ. ಸೀಮೆಸುಣ್ಣದ ಪುಡಿ ಅಥವಾ ನೀರಿನಲ್ಲಿ ಕಲಸುವ ಬಣ್ಣ ಸಾಕು. ಇನ್ನೊಂದು, ಮಕ್ಕಳ ಅಭ್ಯಾಸಕ್ಕೆಂದು ತಂದ ಎತ್ತಿಡುವ ಗೋಲ್ ಪೋಸ್ಟುಗಳನ್ನು ನೆಲಕ್ಕೆ ಬಿಗಿಯಿರಿ. ಬಿಗಿಯದ ಪೋಸ್ಟನ್ನು ಬಳಸಕೂಡದೆಂದು ನಿಯಮವೇ ಹೇಳುತ್ತದೆ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ರಾಜ್ಯ ತಂಡಗಳ ರಾಷ್ಟ್ರೀಯ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಾಗಿನಿಂದ ಬೆಳಗಿನ ಅಭ್ಯಾಸಕ್ಕೆ ಬರುವ ಮಕ್ಕಳು ಹೆಚ್ಚಿದ್ದಾರೆ, ತರಬೇತುದಾರರು ಬರುವ ಮೊದಲು ಅವರು ಮಾಡುವ ಮೊದಲ ಕೆಲಸ ಅಡ್ಡಪಟ್ಟಿ ಹಿಡಿದು ಜೋತಾಡುವುದು.

ನಮ್ಮ ತಪ್ಪುಗಳನ್ನೂ ಬರೆಯದಿದ್ದರೆ ಈ ಪತ್ರಕ್ಕೆ ಮರ್ಯಾದೆ ಇರುವುದಿಲ್ಲ. ಗ್ಯಾಲರಿಯ ಮೆಟ್ಟಿಲುಗಳ ಮೇಲಿನ ಕೆಂಪು ಕಲೆ ನಮ್ಮ ಬಾಯಿಯದು. ಗೋಲಿನ ಹಿಂದೆ ಪಟಾಕಿ ಹಚ್ಚಿದವರು ನಮ್ಮವರೇ. ಲೈನ್ಸ್‌ಮನ್ ಆಗಿ ನಿಂತಿದ್ದ ಕಾಲೇಜು ಹುಡುಗನಿಗೆ ಅವನ ತಾಯಿಯನ್ನು ಸೇರಿಸಿ ಬೈದದ್ದನ್ನು ಕೇಳಿಯೂ ನಾವು ಸುಮ್ಮನಿದ್ದೆವು. ಭದ್ರಾವತಿಯಿಂದ ಬಂದ ಬೆಂಬಲಿಗರಿಗೆ ಕೂರಲು ಜಾಗ ಬಿಡದೆ ಬಿಸಿಲಿನ ಬದಿಗೆ ಅಟ್ಟಿದ್ದೂ ಹೌದು. ಮುಂದಿನ ಪಂದ್ಯದಿಂದ ಪೂರ್ವದ ಬದಿಯಲ್ಲಿ ನಮ್ಮದೇ ಎಂಟು ಜನ ಸ್ವಯಂಸೇವಕರು ನಿಲ್ಲುತ್ತಾರೆ, ಬೈಗುಳ ಮತ್ತು ಪಟಾಕಿಯ ಹೊಣೆ ನಮ್ಮದು.

ಹಣದ ಮಾತು ಬಂದಾಗ ತಾವು ಟಿಕೆಟ್ ದರ ಏರಿಸುವ ಸೂಚನೆ ಕೊಟ್ಟಿರಿ. ಹತ್ತು ರೂಪಾಯಿ ಹೆಚ್ಚಿಸಿದರೆ ನಮ್ಮ ಆಕ್ಷೇಪವಿಲ್ಲ, ಆದರೆ ಪ್ರತಿ ಪಂದ್ಯದ ಗೇಟಿನ ವಸೂಲಿ ಮತ್ತು ಮೈದಾನದ ಖರ್ಚನ್ನು ಕಚೇರಿಯ ಹಲಗೆಯ ಮೇಲೆ ಬರೆದು ಹಾಕಬೇಕು. ಮೈದಾನದ ಸಮಿತಿಯಲ್ಲಿ ಬೆಂಬಲಿಗರ ಪರವಾಗಿ ಇಬ್ಬರಿರಬೇಕು, ಅವರಲ್ಲಿ ಒಬ್ಬರು ಹೆಣ್ಣುಮಗಳಾಗಿರಬೇಕು. ಪೆವಿಲಿಯನ್ನಿಗೆ ಎತ್ತಿಟ್ಟ ಹಣವನ್ನು ಮೊದಲು ನೆಲಕ್ಕೆ ಹಾಕಿ. ಗಣ್ಯರು ಒಂದು ವರ್ಷ ಶಾಮಿಯಾನದಡಿ ಕುಳಿತರೆ ಅವರ ಗೌರವಕ್ಕೆ ಕುಂದಾಗದು.

ಶ್ರಮದಾನಕ್ಕೆ ನಾವು ಸಿದ್ಧ. ನಮ್ಮಲ್ಲಿ ತೋಟದವರಿದ್ದಾರೆ, ಗಾರೆ ಕೆಲಸದವರಿದ್ದಾರೆ, ಜೆಸಿಬಿ ಓಡಿಸುವ ಇಬ್ಬರಿದ್ದಾರೆ, ಮಟ್ಟ ನೋಡಿಕೊಡಲು ಒಪ್ಪಿರುವ ನಿವೃತ್ತ ಓವರ್‌ಸಿಯರ್ ಒಬ್ಬರಿದ್ದಾರೆ. ಪೂರ್ತಿ ಅಂಗಳದ ಕೆಲಸ ತಮ್ಮ ಒಪ್ಪಿಗೆಯಿಲ್ಲದೆ ಆಗುವಂಥದ್ದಲ್ಲ. ಆಗ್ನೇಯದ ಚರಂಡಿ ಬಿಡಿಸಿ ಮೋರಿಯ ಬಾಯಿಯ ಮಣ್ಣು ತೆಗೆಯುವುದಕ್ಕೆ ಮಾತ್ರ ನಕ್ಷೆಯೂ ಬೇಡ, ನಿರ್ಣಯವೂ ಬೇಡ. ಬರುವ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಹಾರೆ, ಗುದ್ದಲಿ, ಬುಟ್ಟಿ ಹಿಡಿದು ಬರುತ್ತೇವೆ. ಶನಿವಾರ ಸಂಜೆಯೊಳಗೆ ಗೇಟಿನ ಬೀಗದ ಕೈಯನ್ನು ಎದುರಿನ ಚಹಾದಂಗಡಿಯಲ್ಲಿ ಕೊಟ್ಟಿರಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿಗಳು,
ಪೂರ್ವದ ಬದಿಯ ಬೆಂಬಲಿಗರು